ಇಪ್ಪತ್ತೊಂದು ತೂತಿನ ಗಾಳಿತಡೆ

ಬೋರ್ಡಣ್ಣನಿಗೆ ಏಳು ತಿಂಗಳ ಸಂಬಳ ಇನ್ನೂ ಬರಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನೀವು ಈ ಕಥೆ ಓದಿ ಮುಗಿಸಿದ ಮೇಲೂ ಅದು ಬಂದಿರುವುದಿಲ್ಲ. ಮೂವತ್ತೊಂದು ವರ್ಷ ಒಂದೇ ಅಂಗಡಿಯಲ್ಲಿ ಕೂತು ಊರಿನವರ ಹೆಸರಿಗೆಲ್ಲ ದೀಪ ಹಚ್ಚಿದ ಮನುಷ್ಯ ಅವನು. ಔಷಧದಂಗಡಿ, ಕಣ್ಣಿನ ಡಾಕ್ಟರು, ಹೊಲಿಗೆ ಯಂತ್ರದ ರಿಪೇರಿ, ಡ್ರೈವಿಂಗ್ ಶಾಲೆ. ಸಂಜೆಯಾದರೆ ಮುಖ್ಯರಸ್ತೆಯಲ್ಲಿ ಹೊಳೆಯುವ ಪ್ರತಿ ಮೂರು ಬೋರ್ಡಿನಲ್ಲಿ ಎರಡು ಅವನ ಕೈಯವು. ಆ ಅಂಗಡಿಯ ಯಜಮಾನ ಒಂದು ದಿನ ತನ್ನದೇ ಬೋರ್ಡಿನ ದೀಪ ಆರಿಸಿ, ಶಟರ್ ಎಳೆದು, ದುಡ್ಡಿಲ್ಲಪ್ಪ, ಬೇಕಾದರೆ ಇದನ್ನು ತೆಗೆದುಕೊಂಡು ಹೋಗು ಎಂದು ಒಂದು ಕಾರಿನ ಕೀಲಿ ಕೈಗಿಟ್ಟ.

ಕಾರೆಂದರೆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಉಜ್ಜಿಕೊಂಡು ಓಡುವ, ಕೆಂಪು ಬಣ್ಣದ ಓಪನ್ ಸ್ಪೋರ್ಟ್ಸ್ ಕಾರು. ಯಜಮಾನ ಹರೆಯದಲ್ಲಿ ಯಾರ ಮುಂದೋ ಮೆರೆಯಲು ಕೊಂಡದ್ದು. ನೋಡಬೇಕಾದವರು ನೋಡದೆ ಹೋದ ಮೇಲೆ ಗೋದಾಮಿನ ಮೂಲೆಗೆ ತಳ್ಳಿದ್ದು. ಮಡಚುವ ಬಟ್ಟೆಯ ಚಾವಣಿಯನ್ನು ಇಲಿಗಳು ತಿಂದು ಮುಗಿಸಿ, ಕಂಬಿಗಳನ್ನು ಮಾತ್ರ ಮರ್ಯಾದೆಗೆಂದು ಉಳಿಸಿದ್ದವು. ಬೋರ್ಡಣ್ಣ ಕಾರು ತೆಗೆದುಕೊಂಡ, ಆದರೆ ಪೆದ್ದನಂತೆ ತೆಗೆದುಕೊಳ್ಳಲಿಲ್ಲ. 'ಸಂಬಳದ ಬಾಕಿ ಇದ್ದ ಹಾಗೇ ಇದೆ, ಕಾರು ಬರೀ ಬಡ್ಡಿಗೆ' ಎಂದು ಕಾಗದ ಬರೆಸಿ, ಯಜಮಾನನ ರುಜು ಹಾಕಿಸಿಕೊಂಡೇ ಗಾಡಿ ತಳ್ಳಿದ. ಹಾಗೆ ಬರೆಸಿ ಅಂತ ಹೇಳಿ ಕಳಿಸಿದವಳು ಅವನ ಹೆಂಡತಿ.

ಹೆಂಡತಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ. ಪ್ಯಾಕಿಂಗ್ ಹಾಲಿನಲ್ಲಿ ಬೆಲ್ಟಿನ ತಲೆಯಲ್ಲಿ ನಿಲ್ಲುವವಳು. ಅವಳ ಹಿಂದೆ ಇಪ್ಪತ್ತು ಹೆಂಗಸರ ಸಾಲು. ಹಾಗಾಗಿ ಎಲ್ಲರ ಬಾಯಲ್ಲೂ ಲೈನಕ್ಕ. ಸಂಘದ ಚಂದಾ ಎತ್ತುವವಳೂ ಅವಳೇ, ಸೂಪರ್‌ವೈಸರ್ ಏರುದನಿಯಲ್ಲಿ ಮಾತಾಡಿದರೆ ತಿರುಗಿ ನೋಡುವವಳೂ ಅವಳೇ. ಹೋದ ವರ್ಷ ಅವಳ ಬಲಗಿವಿಗೆ ಆಪರೇಷನ್ ಆಗಿತ್ತು. ನೀರು ಹೋಗಬಾರದು, ಗಾಳಿ ಬಡಿಯಬಾರದು, ಸದಾ ಹತ್ತಿ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಹೇಳುವುದು ಅವರಿಗೆ ಸುಲಭ. ಊರಲ್ಲಿ ಗಾಳಿ ಎಲ್ಲಿಲ್ಲ?

ಕಾರು ಮನೆ ಮುಂದೆ ನಿಂತಾಗ ಲೈನಕ್ಕ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದಕ್ಕೆ ತಲೆನೇ ಇಲ್ವಲ್ರೀ," ಎಂದಳು. ಆದರೂ ಹತ್ತಿದಳು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವಳನ್ನು ಬೋರ್ಡಣ್ಣ ಸೈಕಲ್ಲಿನ ಹಿಂದೆ ಕೂರಿಸಿದ್ದ, ಸ್ಕೂಟರಿನ ಹಿಂದೆ ಕೂರಿಸಿದ್ದ. ಪಕ್ಕದಲ್ಲಿ ಕೂರಿಸಿಕೊಂಡು ಹೊರಟದ್ದು ಅದೇ ಮೊದಲು. ಎದೆ ಉಬ್ಬಿಸಿಕೊಂಡು ಎರಡು ಬೀದಿ ದಾಟಿದ್ದಷ್ಟೇ. ಎಲ್ಲಿಂದಲೋ ಒಂದು ಗಾಳಿ ಬಂದು ಲೈನಕ್ಕನ ಕೂದಲನ್ನೆಲ್ಲ ಅವಳ ಮುಖದ ಮೇಲೆ ಮಗುಚಿ ಹಾಕಿತು, ಕಿವಿಯ ಹತ್ತಿಯನ್ನು ಕಿತ್ತು ಹಾರಿಸಿತು. ಆ ಹತ್ತಿ ಹಿಂದೆ ಬರುತ್ತಿದ್ದ ಸ್ಕೂಟರಿನವನ ಬಾಯಿಗೆ ಹೋಯಿತು. ಅವನು ಹಾಡಿಕೊಂಡು ಬರುತ್ತಿದ್ದನಂತೆ.

ಲೈನಕ್ಕ ಮೂರು ದಿನ ಕಿವಿನೋವೆಂದು ಒಂದು ಮಗ್ಗುಲಲ್ಲಿ ಮಲಗಿದಳು. ನಾಲ್ಕನೆಯ ದಿನ ಎದ್ದು ತೀರ್ಪು ಕೊಟ್ಟಳು.

"ನೋಡಿ, ಮುಂದಿನ ವಾರದ ಬುಧವಾರ ನನಗೆ ರಜೆ. ಅಷ್ಟರೊಳಗೆ ಈ ಗಾಳಿಗೊಂದು ಗತಿ ಕಾಣಿಸಿ. ಅವತ್ತು ಸಂಜೆ ನಮ್ಮಮ್ಮನ ಮನೆಗೆ ಇದರಲ್ಲೇ ಹೋಗೋಣ. ಅಲ್ಲಿಗೆ ತಲುಪೋವರೆಗೂ ಹತ್ತಿ ಕಿವಿಯಲ್ಲೇ ಇದ್ರೆ ಕಾರು ಇರ್ಲಿ. ಹಾರಿದ್ರೆ ಗುರುವಾರ ಬೆಳಿಗ್ಗೆ ಗುಜರಿಯವನು ಬರ್ತಾನೆ."

"ಗುಜರಿಯವನಿಗೆ ಯಾರು ಹೇಳಿದ್ದು?"

"ನಾನೇ. ಬಂದು ಬೆರಳಲ್ಲಿ ತಟ್ಟಿ ನೋಡ್ಕೊಂಡೂ ಹೋಗಿದಾನೆ."

ಏಳು ತಿಂಗಳ ಬೆವರಿಗೆ ಬಂದ ಬಡ್ಡಿ ಕಿಲೋ ಲೆಕ್ಕದಲ್ಲಿ ತಕ್ಕಡಿ ಏರುವುದು ಒಂದು ಕಡೆ ಇರಲಿ. ಬೋರ್ಡಣ್ಣನಿಗೆ ಸಂಕಟವಾದದ್ದು ಬೇರೆಯದಕ್ಕೆ. ಆ ಎರಡು ಬೀದಿಯಲ್ಲಿ ಹೆಂಡತಿ ಪಕ್ಕದಲ್ಲಿದ್ದಾಗ, ಹಿಂದೆ ತಿರುಗದೆ ಮಾತಾಡಬಹುದು ಎಂಬುದು ಅವನಿಗೆ ಹೊಸದಾಗಿ ಗೊತ್ತಾಗಿತ್ತು. ಆಡಬೇಕೆಂದಿದ್ದ ಮಾತನ್ನು ಆಡುವಷ್ಟರಲ್ಲಿ ಹತ್ತಿ ಹಾರಿತ್ತು.

ಅವನು ಹೋದದ್ದು ಭಾವಮೈದನ ವೆಲ್ಡಿಂಗ್ ಶೆಡ್ಡಿಗೆ. ಲೈನಕ್ಕನ ತಮ್ಮ ಗೇಟು, ಕಿಟಕಿ, ಕೈಗಾಡಿಗಳಿಗೆ ಬೆಸುಗೆ ಹಾಕುವವನು. ಬಾಯಿಗೆ ಮಾತ್ರ ಯಾವ ಬೆಸುಗೆಯೂ ಇಲ್ಲ. ಇಬ್ಬರೂ ಸೇರಿ ಮೊದಲು ಗಾಳಿಯ ಜಾತಕ ನೋಡಿದರು. ಕಾರಿನ ಸುತ್ತ ಅಲ್ಲಲ್ಲಿ ಹೊಲಿಗೆ ದಾರದ ತುಂಡು ಅಂಟಿಸಿ, ಭಾವಮೈದ ಓಡಿಸಿದ, ಬೋರ್ಡಣ್ಣ ಸೀಟಿನಲ್ಲಿ ಹಿಂದುಮುಂದಾಗಿ ಮಂಡಿಯೂರಿ ಕೂತು ದಾರ ನೋಡಿದ. ಎದುರಿನ ಗಾಜಿಗೆ ಅಂಟಿಸಿದ ದಾರಗಳು ಹಿಂದಕ್ಕೆ ಹಾರುತ್ತಿದ್ದವು, ಸರಿ. ಆದರೆ ಸೀಟಿನ ಹಿಂದಿನ ದಾರಗಳು ಮುಂದಕ್ಕೆ ಹಾರುತ್ತಿದ್ದವು. ಗಾಳಿ ಎದುರಿನಿಂದ ಬಂದು, ಗಾಜಿನ ನೆತ್ತಿಯ ಮೇಲೆ ಹಾರಿ, ಹಿಂದೆ ಡಿಕ್ಕಿಯ ಮೇಲೆ ಬಿದ್ದು, ಮೆಲ್ಲಗೆ ತಿರುಗಿ ಬಂದು ಕತ್ತಿಗೆ ಬಡಿಯುತ್ತಿತ್ತು. ಎದುರಿಗೆ ನಕ್ಕು ಹಿಂದಿನಿಂದ ಹೊಡೆಯುವ ಇಂಥ ಗಾಳಿಯನ್ನು ಲೈನಕ್ಕ ಕಾರ್ಖಾನೆಯ ಆಫೀಸಿನಲ್ಲಿ ಎಷ್ಟೋ ಸಲ ಕಂಡಿದ್ದಳು. ಬೋರ್ಡಣ್ಣ ಕಂಡದ್ದು ಈಗಲೇ. ಅಂದರೆ ತಡೆಯನ್ನು ಸೀಟಿನ ಹಿಂದೆ ನಿಲ್ಲಿಸಬೇಕು, ತಲೆಯೆತ್ತರಕ್ಕೆ.

ಅಂಥದ್ದು ಪೇಟೆಯಲ್ಲಿ ಸಿಗುತ್ತದೆ. ಅದರ ಬೆಲೆ ಕೇಳಿ ಭಾವಮೈದ, ಕಾರು ಕೂಡ ಅದರ ಜೊತೆಗೇ ಕೊಡುತ್ತೀರಾ ಎಂದು ಅಂಗಡಿಯವನನ್ನು ಕೇಳಿದನಂತೆ. ಹಾಗಾಗಿ ಮನೆಯಲ್ಲೇ ಮಾಡುವುದೆಂದಾಯಿತು.

ಕೊಳವೆಯನ್ನು ಬಗ್ಗಿಸಿ ಚೌಕಟ್ಟು ಮಾಡುವುದು ಭಾವಮೈದನ ಪಾಲು. ಸೀಟುಬೆಲ್ಟಿನ ಬೋಲ್ಟು ಇರುವ ಕಡೆಯೇ ಕಾಲು ಊರಿಸಿ, ನಡುವೆ ರಬ್ಬರು ಕೊಟ್ಟು ಬಿಗಿದ. ಅದರೊಳಗೆ ಕೂರಿಸುವ ಹಾಳೆ ಬೋರ್ಡಣ್ಣನ ಪಾಲು. ಬೆರಳು ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆ ಕೊಳ್ಳಲು ಗತಿಯಿಲ್ಲ. ಆದರೆ ಅವನ ಮನೆಯ ಮಂಚದಡಿ ಒಂದಿತ್ತು. ಹಲ್ಲಿನ ಡಾಕ್ಟರೊಬ್ಬರಿಗೆಂದು ಮಾಡಿ, ಅವರು ಬೇಡವೆಂದು ಬಿಟ್ಟುಹೋದ ಬೋರ್ಡು. ಅದರ ಮೇಲೆ ಒಂದು ದವಡೆಹಲ್ಲನ್ನು ಬೋರ್ಡಣ್ಣ ಕೊರೆದಿದ್ದ. ಕೊರೆಯುವಾಗ ಹಲ್ಲಿನ ಬೇರು ಸ್ವಲ್ಪ ಉದ್ದವಾಗಿ, ಒಂದು ಮುಂದೆ ಒಂದು ಹಿಂದೆ ಆಗಿ, ಹಲ್ಲೇ ಎದ್ದು ಓಡುತ್ತಿರುವ ಹಾಗೆ ಕಾಣುತ್ತಿತ್ತು. ನನ್ನ ಪೇಷಂಟುಗಳು ಇದನ್ನು ನೋಡಿ ಹಿಂದೆಯೇ ಓಡುತ್ತಾರೆ ಎಂದು ಡಾಕ್ಟರು ಮುಖ ಸಿಂಡರಿಸಿದ್ದರು.

ಅದಕ್ಕೆ ಬೋರ್ಡಣ್ಣ ದೀಪ ಜೋಡಿಸಲು ಕೂತಾಗ, ದೀಪ ಯಾಕೆ ಎಂದು ಭಾವಮೈದ ಕೇಳಿದ. ಗಾಳಿ ಕತ್ತಲಲ್ಲೂ ದಾರಿ ಕಂಡುಕೊಳ್ಳುತ್ತದೆ, ಅದಕ್ಕೆ ನೀವು ದೀಪ ಹಿಡಿಯಬೇಕಾಗಿಲ್ಲ ಎಂದ.

"ದೀಪ ಇಲ್ಲದ ಬೋರ್ಡು ಮಾಡೋಕೆ ನನಗೆ ಬರಲ್ಲ ಕಣೋ," ಎಂದ ಬೋರ್ಡಣ್ಣ.

ಅದು ನಿಜವೂ ಹೌದು. ಹಾಳೆಯ ಕೆಳಗಿನ ಅಂಚನ್ನು ನುಣ್ಣಗೆ ಉಜ್ಜಿ, ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ ಎಲ್ಇಡಿ ಪಟ್ಟಿ ಕೂರಿಸಿ, ಅಂಚಿಗೆ ತಾಗಿಸಿ ಇಟ್ಟ. ಬೆಳಕು ಹಾಳೆಯೊಳಗೆ ಕಣ್ಣಿಗೆ ಕಾಣದಂತೆ ಹತ್ತಿ ಹೋಗಿ, ಗೀರು ಇದ್ದ ಕಡೆ ಮಾತ್ರ ಹೊರಗೆ ಬರುತ್ತದೆ. ಹಾಗಾಗಿ ಸ್ವಿಚ್ ಹಾಕಿದಾಗ ಹಾಳೆ ಮಾಯವಾಗಿ, ಹೊಳೆಯುವ ಹಲ್ಲೊಂದೇ ಗಾಳಿಯಲ್ಲಿ ಓಡುತ್ತ ನಿಂತಿತು. ಭಾವಮೈದ ವೆಲ್ಡಿಂಗ್ ಕನ್ನಡಕ ತೆಗೆದು ನೋಡಿದ, ಮತ್ತೆ ಹಾಕಿಕೊಂಡು ನೋಡಿದ.

ಎಡವಟ್ಟಾದದ್ದು ಮಾರನೆಯ ದಿನ. ಭಾವಮೈದ ಚಹಾ ತರಲು ಹೋಗಿದ್ದ. ಬೋರ್ಡಣ್ಣ ಡ್ರಿಲ್ಲಿಗೆ ತೂತುಗರಗಸ ಸಿಕ್ಕಿಸಿ, ಹಾಳೆಯನ್ನು ಮೇಜಿಗೆ ಕ್ಲಾಂಪು ಹಾಕಿ ಬಿಗಿದು, ತನ್ನ ಪಾಡಿಗೆ ಏನನ್ನೋ ಗುನುಗಿಕೊಂಡು ಕೆಲಸ ಮಾಡುತ್ತಿದ್ದ. ಭಾವಮೈದ ಬಂದು ನೋಡಿದರೆ ಹಲ್ಲಿನ ಸುತ್ತ ಮೂರು ಸಾಲು, ಸಾಲಿಗೆ ಏಳು, ಅಳತೆ ಹಿಡಿದು ಕೊರೆದ ದುಂಡನೆಯ ತೂತು.

"ಭಾವ, ಇದು ಗಾಳಿ ತಡೆಯೋಕಲ್ವಾ?"

"ಹೌದು."

"ಮತ್ತೆ ಗಾಳಿಗೆ ಇಪ್ಪತ್ತೊಂದು ಬಾಗಿಲು ಯಾಕಿಟ್ರಿ?"

ಬೋರ್ಡಣ್ಣ ಡ್ರಿಲ್ ಆರಿಸಿ ಹಾಳೆಯನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಸುಬಿನ ಗುಣ ಅದಕ್ಕಿಂತ ಕೆಟ್ಟದ್ದು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅವನು ಒಂದು ಚಪ್ಪಲಿ ಅಂಗಡಿಗೆ ಬಾಗಿಲಗಲದ ಬೋರ್ಡು ಮಾಡಿ, ತೂತು ಬಿಡುವುದನ್ನು ಮರೆತಿದ್ದ. ಮೊದಲ ಬಿರುಗಾಳಿಗೇ ಆ ಬೋರ್ಡು ಕಿತ್ತುಕೊಂಡು ಹಾರಿ ಶಾಲೆಯ ಸೈಕಲ್ ಸ್ಟ್ಯಾಂಡಿನ ಮೇಲೆ ಕೂತಿತ್ತು. ಅಂದಿನಿಂದ ಗಾಳಿಗೆ ದಾರಿ ಬಿಡದ ಬೋರ್ಡನ್ನು ಅವನು ಮಾಡಿದ್ದೇ ಇಲ್ಲ. ಹೆಂಡತಿಯ ಸಂಘದ ಮೆರವಣಿಗೆಗೆ ಬಟ್ಟೆಯ ಬ್ಯಾನರು ಬರೆದಾಗಲೂ ಮೊದಲು ಕತ್ತರಿ ಹಿಡಿದು ಅರ್ಧಚಂದ್ರದ ಗಾಳಿಕಿಂಡಿ ಕತ್ತರಿಸಿ, ಆಮೇಲೆ ಬೇಡಿಕೆ ಬರೆದವನು. ಒಂದು ಸಲ ಬೋನಸ್ ಎಂಬ ಮಾತಿನ ಮೇಲೆಯೇ ಕಿಂಡಿ ಬಿದ್ದು, ಆ ವರ್ಷ ಬೋನಸ್ಸೂ ಬಿದ್ದುಹೋಗಿತ್ತು.

ಎರಡನೆಯ ಹಾಳೆ ಇಲ್ಲ. ಉಳಿದಿರುವುದು ಎರಡು ದಿನ. ಗಾಳಿಯ ಸೊಕ್ಕು ಮುರಿಯಲು ಬೇಕೆಂದೇ ಬಿಟ್ಟದ್ದು ಎಂದು ಬೋರ್ಡಣ್ಣ ಹೇಳಿದ. ಭಾವಮೈದ ಚಹಾ ಕೊಟ್ಟು, ಗಾಳಿ ಗುದ್ದಿ ಮೈ ನೋಯಿಸಿಕೊಂಡವರ ಬಗ್ಗೆ ಕೇಳಿದ್ದೆ, ಗಾಳಿಗೆ ಮನೆ ಕಟ್ಟಿಕೊಟ್ಟವರನ್ನು ಕಾಣುವುದು ಇದೇ ಮೊದಲು ಎಂದ.

ಅಚ್ಚರಿಯೆಂದರೆ ಅದು ಕೆಲಸ ಮಾಡಿತು. ಬೀದಿಯಲ್ಲಿ ಓಡಿಸಿ ನೋಡಿದಾಗ ಸೀಟಿನ ಹಿಂದಿನ ದಾರಗಳು ಹಾರದೆ ತೂಗಾಡುತ್ತ ನಿಂತವು. ಪೂರ್ತಿ ಮುಚ್ಚಿದ ಹಾಳೆಯಾಗಿದ್ದರೆ ಗಾಳಿ ಸುತ್ತು ಹಾಕಿ ಮೇಲಿನಿಂದ ಬೀಳುತ್ತಿತ್ತೇನೋ. ತೂತುಗಳು ಅದನ್ನು ಚೂರುಚೂರು ಮಾಡಿ ಬಿಟ್ಟವು. ಆದರೆ ಆ ಬೀದಿಯಲ್ಲಿ ಹೊಂಡಗಳೂ ನಾಯಿಗಳೂ ಸಮಸಮವಾಗಿದ್ದು, ಇಪ್ಪತ್ತೈದರ ಮೇಲೆ ಓಡಿಸಲು ಯಾರಿಂದಲೂ ಆಗದು. ನಲವತ್ತು ದಾಟಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಬುಧವಾರ ಸಂಜೆ ಐದೂ ಮುಕ್ಕಾಲಿಗೆ ಗಂಡಹೆಂಡತಿ ಹೊರಟರು. ಮೋಸ ಇರಬಾರದೆಂದು ಲೈನಕ್ಕ ತಲೆಗೆ ಸ್ಕಾರ್ಫ್ ಕಟ್ಟಲಿಲ್ಲ. ಹೊಸ ಹತ್ತಿಯನ್ನು ಗಂಡನ ಕಣ್ಣೆದುರೇ ಉಂಡೆ ಮಾಡಿ ಕಿವಿಗಿಟ್ಟುಕೊಂಡಳು, ಒತ್ತಲಿಲ್ಲ. ರಜೆಯ ದಿನವಾದ್ದರಿಂದ ಕೈಗೆ ಗಡಿಯಾರ ಕಟ್ಟಿದ್ದಳು. ಕೆಲಸದ ದಿನ ಅದಕ್ಕೆ ಅಪ್ಪಣೆಯಿಲ್ಲ. ಬಿಸ್ಕತ್ತಿನ ಡಬ್ಬದಲ್ಲಿ ಬಿದ್ದುಬಿಡುತ್ತದೆ ಎಂದು ಗಡಿಯಾರ, ಫೋನು ಎಲ್ಲವನ್ನೂ ಕಾರ್ಖಾನೆಯ ಗೇಟಿನ ಪೆಟ್ಟಿಗೆಯಲ್ಲಿ ಇಡಿಸಿಕೊಳ್ಳುತ್ತಾರೆ.

ಮಬ್ಬು ಕವಿಯುತ್ತಿತ್ತು. ಬೋರ್ಡಣ್ಣ ಸ್ವಿಚ್ ಹಾಕಿದ. ಇಬ್ಬರ ತಲೆಯ ನಡುವೆ ಹಲ್ಲು ಬೆಳಗಿತು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಆಟೋದಿಂದ ಒಬ್ಬ ಅರ್ಧ ಮೈ ಹೊರಗೆ ಹಾಕಿ, ಬಾಯಿ ಅಗಲ ಮಾಡಿ, ಬೆರಳಲ್ಲಿ ಒಳಗೆ ತೋರಿಸಿದ.

"ಡಾಕ್ಟ್ರೇ, ಈ ಕಡೆದು. ತಣ್ಣೀರು ಕುಡಿದ್ರೆ ಜುಂ ಅನ್ನುತ್ತೆ."

ಬೋರ್ಡಣ್ಣ ತಬ್ಬಿಬ್ಬಾದ. ಲೈನಕ್ಕ ಬಗ್ಗಿ ಅವನ ಬಾಯೊಳಗೆ ನೋಡಿ, "ಉಪ್ಪುನೀರಲ್ಲಿ ಮುಕ್ಕಳಿಸಿ, ಬಿಸ್ಕತ್ತು ಬಿಡಿ," ಎಂದಳು. ಹಸಿರು ದೀಪ ಬಂತು. ಬಹಳ ದಿನಗಳ ಮೇಲೆ ಹೆಂಡತಿ ನಕ್ಕದ್ದನ್ನು ಬೋರ್ಡಣ್ಣ ಓರೆಗಣ್ಣಿನಲ್ಲಿ ನೋಡಿದ. ಹತ್ತಿ ಕಿವಿಯಲ್ಲೇ ಇತ್ತು.

ಅತ್ತೆಯ ಮನೆಗೆ ಹೋಗುವುದು ಕಾರ್ಖಾನೆ ರಸ್ತೆಯಲ್ಲಿ. ಊರಲ್ಲೆಲ್ಲ ಹೊಂಡವಿಲ್ಲದ ರಸ್ತೆ ಅದೊಂದೇ. ಲಾರಿಯಲ್ಲಿ ಹೋಗುವ ಬಿಸ್ಕತ್ತು ಒಡೆಯಬಾರದೆಂದು ಕಾರ್ಖಾನೆಯವರೇ ಹಾಕಿಸಿದ್ದು. ಬಿಸ್ಕತ್ತಿನ ಸೊಂಟಕ್ಕಿರುವ ಮರ್ಯಾದೆ ಅದನ್ನು ಕಟ್ಟುವವರ ಸೊಂಟಕ್ಕಿಲ್ಲ. ಒಂದು ಬದಿಯಲ್ಲಿ ಉದ್ದಕ್ಕೂ ಕಾರ್ಖಾನೆಯ ಗೋಡೆ, ಗೋಡೆಯಾಚೆ ಪ್ಯಾಕಿಂಗ್ ಹಾಲು. ಬೋರ್ಡಣ್ಣ ಕಾಲು ಒತ್ತಿದ. ಮುಳ್ಳು ನಲವತ್ತು ದಾಟಿತು.

ಆಗ ಶುರುವಾಯಿತು. ಮೊದಲು ಹೊಟ್ಟೆಯೊಳಗಿನಿಂದ ಬಂದ ಹಾಗೆ ಒಂದು ಊಳು, ವೇಗ ಏರಿದಂತೆ ಅದೂ ಏರುತ್ತ ಏರುತ್ತ ಗಂಟಲು ಕಟ್ಟಿದ ಎಮ್ಮೆಯ ದನಿಯಾಗಿ, ಕೊನೆಗೆ ಗೋಡೆಗೆ ಬಡಿದು ರಸ್ತೆಯನ್ನೆಲ್ಲ ತುಂಬಿಕೊಂಡಿತು. ಲೈನಕ್ಕ ಕೂಗು ಕೇಳಿದೊಡನೆ ಗೋಡೆಯ ಗಡಿಯಾರ ನೋಡುವ ಹದಿನಾರು ವರ್ಷದ ಅಭ್ಯಾಸಕ್ಕೆ ಬಿದ್ದು ಕೈಗಡಿಯಾರ ನೋಡಿದಳು. ಸರಿಯಾಗಿ ಆರು.

"ಶಿಫ್ಟು ಬಿಡ್ತು," ಎಂದಳು. ಬೋರ್ಡಣ್ಣನೂ ಅದನ್ನು ಕಾರ್ಖಾನೆಯ ಸೈರನ್ನೆಂದೇ ತಿಳಿದ. ಗೇಟು ಹತ್ತಿರವಾದಾಗ ಅವಳು, ಸ್ವಲ್ಪ ನಿಲ್ಲಿಸಿ, ನಮ್ಮವರೆಲ್ಲ ಹೊರಗೆ ಬರುವ ಹೊತ್ತು, ನೋಡಲಿ ಎಂದಳು. ಈ ಕಾರನ್ನು ನಾಲ್ಕು ಜನರಿಗೆ ತೋರಿಸಬೇಕೆಂದು ಅವಳಿಗೆ ಅನಿಸಿತಲ್ಲ ಎಂಬ ಸಂತೋಷದಲ್ಲಿ ಬೋರ್ಡಣ್ಣ ಬ್ರೇಕ್ ಒತ್ತಿದ. ಕಾರು ನಿಧಾನವಾದಂತೆ ಸೈರನ್ನೂ ನಿಧಾನವಾಗಿ ಇಳಿದು ಸುಮ್ಮನಾಯಿತು. ಅದರಲ್ಲೂ ಅವನಿಗೆ ಏನೂ ಹೊಳೆಯಲಿಲ್ಲ.

ಸಂಜೆಯ ಆ ಹೊತ್ತಿಗೆ ಪ್ಯಾಕಿಂಗ್ ಹಾಲಿನಲ್ಲಿ ಎಲ್ಲರ ಮೈಯೆಲ್ಲ ಕಿವಿಯಾಗಿರುತ್ತದೆ. ಕಾರ್ಖಾನೆಯ ಸೈರನ್ ಹಳೆಯದು, ಅದೂ ಗಾಳಿ ಊದಿಯೇ ಕೂಗುವಂಥದ್ದು, ಹೀಗೇ ಹೊಟ್ಟೆಯಿಂದ ಶುರುವಾಗಿ ಏರುವಂಥದ್ದು. ಬೆಲ್ಟು ನಿಂತಿತು. ಟೋಪಿಗಳು ಕಳಚಿದವು. ಗೇಟಿನ ಕಾವಲುಗಾರ ಸ್ಟೂಲಿನಿಂದೆದ್ದು ಬಾಗಿಲು ತೆರೆದ. ಇನ್ನೂರು ಜನ ಹೊರಗೆ ಬಂದು ತಮ್ಮ ತಮ್ಮ ಪೆಟ್ಟಿಗೆಯ ಮುಂದೆ ಸಾಲು ನಿಂತರು. ಮೊದಲು ಬಂದವರು ಕಾರಿನ ಸುತ್ತ ಸೇರಿದರು. ಲೈನಕ್ಕನಿಗೆ ಹಲ್ಲು ಹುಟ್ಟಿದೆ ನೋಡಿ ಎಂದು ಯಾರೋ ಅಂದು ನಗೆ ಎದ್ದಿತು.

ಅಷ್ಟರಲ್ಲಿ ಸೂಪರ್‌ವೈಸರ್ ಓಡಿ ಬಂದ. ಸೈರನ್ ಹಾಕದೆ ಯಾರು ಬಿಟ್ಟದ್ದು ಇವರನ್ನು ಎಂದು ಕಾವಲುಗಾರನ ಮೇಲೆ ಹರಿಹಾಯ್ದ. ಕಾವಲುಗಾರ ತಾನು ಕಿವಿಯಾರೆ ಕೇಳಿದೆ ಎಂದ. ಇನ್ನೂರು ಜನ ತಾವೂ ಕೇಳಿದೆವು ಎಂದರು.

"ಇನ್ನೂ ಏಳು ನಿಮಿಷ ಇದೆ. ನಡೀರಿ ಒಳಗೆ," ಎಂದ ಸೂಪರ್‌ವೈಸರ್.

ಲೈನಕ್ಕ ಕಾರಿನಲ್ಲಿ ಕೂತಲ್ಲಿಂದಲೇ ಕೈ ಎತ್ತಿ ನೋಡಿಕೊಂಡಳು. "ನಂದರಲ್ಲಿ ಆರೂ ನಾಲ್ಕು ಆಗಿದೆಯಲ್ಲ ಸಾರ್."

"ನಿನ್ನ ಗಡಿಯಾರ ಮುಂದಿದೆ."

ಆ ಹೊತ್ತಿಗೆ ಪೆಟ್ಟಿಗೆಯಿಂದ ಗಡಿಯಾರ ತೆಗೆದುಕೊಂಡ ಒಬ್ಬಳು, ನಂದರಲ್ಲೂ ಆರೂ ನಾಲ್ಕು ಎಂದಳು. ಇನ್ನೊಬ್ಬಳ ಫೋನಿನಲ್ಲಿ ಆರೂ ನಾಲ್ಕು. ಮತ್ತೊಬ್ಬನದರಲ್ಲಿ ಆರೂ ನಾಲ್ಕು. ಐವತ್ತು ಫೋನುಗಳು ಬೆಳಗಿದವು. ಐವತ್ತಕ್ಕೂ ಒಂದೇ ಮಾತು. ನಿಮ್ಮದರಲ್ಲಿ ಎಷ್ಟು ಸಾರ್ ಎಂದು ಯಾರೋ ಕೇಳಿದರು. ಸೂಪರ್‌ವೈಸರ್ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಲೈನಕ್ಕ ಕಾರಿನಿಂದಿಳಿದಳು. ಯಾರೂ ಮನೆಗೆ ಹೋಗಬೇಡಿ, ಯಾರೂ ಒಳಗೂ ಹೋಗಬೇಡಿ, ಸುಮ್ಮನೆ ನಿಲ್ಲಿ ಎಂದಳು. ನಿಂತರು. ಓಡುವ ಹಲ್ಲಿನ ಬೆಳಕಿನಲ್ಲಿ ಇನ್ನೂರು ಜನ ಏನೂ ಮಾಡದೆ ನಿಂತರು. ಬೋರ್ಡಣ್ಣ ನಡುವೆ ಎಂಜಿನ್ ಆರಿಸಬೇಕೋ ಬೇಡವೋ ತಿಳಿಯದೆ, ಕೊನೆಗೆ ಆರಿಸಿದ. ಆರು ಗಂಟೆ ಹನ್ನೊಂದು ನಿಮಿಷಕ್ಕೆ ಕಾರ್ಖಾನೆಯ ನಿಜವಾದ ಸೈರನ್ ಕೂಗಿತು. ಅಷ್ಟೂ ಜನ ತಮ್ಮ ತಮ್ಮ ಕೈ ನೋಡಿಕೊಂಡರು.

ವಿಷಯ ಇಷ್ಟೇ. ಹಾಲಿನಲ್ಲಿ ಇದ್ದದ್ದು ಒಂದೇ ಗಡಿಯಾರ, ಅದೂ ಸೂಪರ್‌ವೈಸರ್ ಕೋಣೆಯ ಗಾಜಿನ ಮೇಲೆ. ಬೆಳಿಗ್ಗೆ ಅದು ಕರಾರುವಾಕ್ಕು. ಎರಡು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಕತ್ತರಿಸಲು ಅದೇ ಸಾಕ್ಷಿ. ಮಧ್ಯಾಹ್ನದ ಊಟವಾದ ಮೇಲೆ ಅದಕ್ಕೆ ಆಯಾಸವಾಗಿ ಹನ್ನೊಂದು ನಿಮಿಷ ಹಿಂದೆ ಬೀಳುತ್ತಿತ್ತು. ರಾತ್ರಿ ವಿಶ್ರಾಂತಿ ಪಡೆದು ಬೆಳಿಗ್ಗೆ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ದಿನವೂ ಹೊರಗೆ ಬಂದು, ಚೀಲ ತೋರಿಸಿ, ಸಾಲಿನಲ್ಲಿ ನಿಂತು ಪೆಟ್ಟಿಗೆಯಿಂದ ಫೋನು ತೆಗೆದುಕೊಳ್ಳುವಾಗ ಆರೂವರೆ. ಹೊತ್ತನ್ನೆಲ್ಲ ಈ ದರಿದ್ರ ಸಾಲು ತಿಂದಿತು ಎಂದು ಬೈದುಕೊಂಡು ಹೋಗುತ್ತಿದ್ದರು. ಗಡಿಯಾರ ತಿಂದದ್ದಕ್ಕೆ ಸಾಲು ಬೈಸಿಕೊಳ್ಳುತ್ತಿತ್ತು.

ಹಾಗಾದರೆ ಮೊದಲು ಕೂಗಿದ್ದು ಯಾವುದು? ಕಾವಲುಗಾರ, ದನಿ ರಸ್ತೆಯ ಕಡೆಯಿಂದ ಬಂತು ಎಂದ. ಆಗ ಬೋರ್ಡಣ್ಣನಿಗೆ ಹೊಳೆಯಿತು. ತಿರುಗಿ ಹಾಳೆಯ ತೂತುಗಳನ್ನು ನೋಡಿದ. ಅಂಚನ್ನು ಕಾನಸು ಹಾಕಿ ಉಜ್ಜದೆ ಹಾಗೇ ಹರಿತವಾಗಿ ಬಿಟ್ಟಿದ್ದ. ಖಾಲಿ ಸೀಸೆಯ ಬಾಯಿಗೆ ಊದಿದ ಹಾಗೆ ಗಾಳಿ ಇಪ್ಪತ್ತೊಂದು ಬಾಯಿಗೆ ಊದಿತ್ತು. ಮೂವತ್ತೊಂದು ವರ್ಷದಲ್ಲಿ ಅವನು ಮಾಡಿದ ಬೋರ್ಡು ಒಂದೇ ಒಂದು ಸದ್ದು ಮಾಡಿದ್ದಿಲ್ಲ. ಕೂಗುವ ಬೋರ್ಡು ಮಾಡಿದವನನ್ನು ಕಸುಬಿನವರು ಹತ್ತಿರ ಸೇರಿಸುವುದಿಲ್ಲ. ನಾಚಿಕೆಯಿಂದ ಅವನ ಮುಖ ಕಾರಿನ ಬಣ್ಣಕ್ಕೆ ತಿರುಗಿತು. ಅಲ್ಲಿಂದ ಹೊರಟು ಒಂದು ತಿರುವು ದಾಟಿದ ಮೇಲೆ ಹೆಂಡತಿಗೆ ಮೆಲ್ಲಗೆ ಹೇಳಿದ.

"ಅದು ನಮ್ಮ ಕಾರೇ ಕಣೇ ಕೂಗಿದ್ದು. ತೂತಿಂದ. ನಾಳೆ ಎಲ್ಲದಕ್ಕೂ ಟೇಪು ಹಾಕಿ ಮುಚ್ಚಿಬಿಡ್ತೀನಿ."

ಲೈನಕ್ಕ ಕಿವಿಗೆ ಕೈಯಿಟ್ಟು ನೋಡಿಕೊಂಡಳು. ಹತ್ತಿ ಇಟ್ಟಲ್ಲೇ ಇತ್ತು.

"ಒಂದು ತೂತು ಮುಚ್ಚಿದ್ರೂ ನಾನು ನಮ್ಮಮ್ಮನ ಮನೆಯಿಂದ ವಾಪಸ್ ಬರಲ್ಲ," ಎಂದಳು.

ಅಮ್ಮನ ಮನೆಯ ಗಡಿಯಾರವೂ ಹನ್ನೊಂದು ನಿಮಿಷ ಹಿಂದಿತ್ತು. ಸಂಜೆಯ ಸೈರನ್ ಕೇಳಿ ಮುಳ್ಳು ತಿರುಗಿಸಿಕೊಳ್ಳುವುದು ಆ ಬೀದಿಯ ಎಲ್ಲರ ಪದ್ಧತಿ. ಆರು ಇಪ್ಪತ್ತರ ಬಸ್ಸು ಯಾವತ್ತೂ ಬೇಗ ಹೋಗಿಬಿಡುತ್ತದೆ ಎಂದು ಅವರೆಲ್ಲ ಆ ಡ್ರೈವರಿಗೆ ಎಷ್ಟು ವರ್ಷದಿಂದ ಶಾಪ ಹಾಕುತ್ತಿದ್ದರೋ, ಪಾಪ. ಅತ್ತೆ ವಿಷಯ ಕೇಳಿ, ಹಾಗಾದರೆ ನಾನು ನನ್ನ ವಯಸ್ಸಿಗಿಂತ ದೊಡ್ಡವಳೋ ಚಿಕ್ಕವಳೋ ಅಳಿಯಂದ್ರೆ ಎಂದು ಕೇಳಿದರು. ಬೋರ್ಡಣ್ಣ ಚಿಕ್ಕವರು ಎಂದ. ಅವನಿಗೆ ಎರಡನೆಯ ಲೋಟ ಚಹಾ ಬಂತು.

ಗುರುವಾರ ಬೆಳಿಗ್ಗೆ ಗುಜರಿಯವನು ತಕ್ಕಡಿ, ಹಗ್ಗ, ಇಬ್ಬರು ಆಳು ಸಮೇತ ಬಂದ. ಲೈನಕ್ಕ ಬಾಗಿಲಲ್ಲಿ ನಿಂತು, ಬಂದ ದಾರಿಗೆ ಸುಂಕವಿಲ್ಲ ಎಂದಳು. ಅವನು ಬೆಲೆ ಏರಿಸಿದ. ಅವಳು ಬಾಗಿಲು ಹಾಕಿಕೊಂಡಳು.

ಅಂದಿನಿಂದ ದಿನವೂ ಸಂಜೆ ಆರಕ್ಕೆ ಸರಿಯಾಗಿ ಬೋರ್ಡಣ್ಣ ಗೋಡೆಯ ಪಕ್ಕದಲ್ಲಿ ನಲವತ್ತೈದರ ವೇಗದಲ್ಲಿ ಹಾದುಹೋದ. ಕಾರು ಕೂಗಿತು, ಬೆಲ್ಟು ನಿಂತಿತು, ಜನ ಹೊರಗೆ ಬಂದರು, ಹೆಂಡತಿಯನ್ನು ಹತ್ತಿಸಿಕೊಂಡು ಅವನು ಮನೆಗೆ ಬಂದ. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಬೆಳಗಾಗುವಷ್ಟರಲ್ಲಿ ಕಾರ್ಖಾನೆಯವರು ರಸ್ತೆಗೆ ಮೂರು ಉಬ್ಬು ಹಾಕಿಸಿದ್ದರು. ಗಡಿಯಾರದ ಮುಳ್ಳು ತಿರುಗಿಸಲು ಒಂದು ಬೆರಳು ಸಾಕಿತ್ತು. ಅವರು ಡಾಂಬರು ತರಿಸಿದರು. ಕಾರಿನ ಹೊಟ್ಟೆ ಉಬ್ಬಿಗೆ ಉಜ್ಜಿ, ಹತ್ತರ ಮೇಲೆ ಓಡಿಸಲು ಆಗದೆ ಕೂಗು ನಿಂತಿತು. ಲಾರಿಗಳೂ ಅದೇ ಉಬ್ಬು ಹಾರಬೇಕಲ್ಲ. ಆ ವಾರ ಕಾರ್ಖಾನೆಯಿಂದ ಹೋದದ್ದರಲ್ಲಿ ಅರ್ಧ ಪುಡಿ.

ಆರನೆಯ ದಿನ ಬೋರ್ಡಣ್ಣ ಓಡಿಸಲಿಲ್ಲ. ಪ್ಯಾಕಿಂಗ್ ಹಾಲಿನ ಕಿಟಕಿಗಳು ಎತ್ತರದಲ್ಲಿವೆ, ಆಕಾಶ ಬಿಟ್ಟು ಬೇರೇನೂ ಕಾಣದಂತೆ. ಆದರೆ ರಸ್ತೆಯಾಚೆ ಒಂದು ದಿಬ್ಬವಿದೆ. ಕಾರನ್ನು ಅದರ ಮೇಲೆ ಹತ್ತಿಸಿ, ಹಿಂಭಾಗ ಕಾರ್ಖಾನೆಗೆ ತಿರುಗಿಸಿ ನಿಲ್ಲಿಸಿದ. ಆರಕ್ಕೆ ಸರಿಯಾಗಿ ಸ್ವಿಚ್ ಹಾಕಿದ. ಒಳಗೆ ಲೈನಕ್ಕ ಕಿಟಕಿಯಲ್ಲಿ ಓಡುವ ಹಲ್ಲನ್ನು ಕಂಡು ಕೆಂಪು ಗುಂಡಿ ಒತ್ತಿ ಬೆಲ್ಟು ನಿಲ್ಲಿಸಿದಳು. ಅವಳ ಹಿಂದೆ ಇಪ್ಪತ್ತು ಹೆಂಗಸರು ಟೋಪಿ ತೆಗೆದರು. ಪೊಲೀಸರಿಗೆ ದೂರು ಹೋಯಿತು. ಬಂದ ಪೇದೆ ಸದ್ದಿದೆಯೇ ಎಂದು ನೋಡಿದ, ಇಲ್ಲ. ದಾರಿಗೆ ಅಡ್ಡವಿದೆಯೇ ಎಂದು ನೋಡಿದ, ಇಲ್ಲ. ಹಲ್ಲು ತೋರಿಸುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ ಎಂದು, ತನ್ನ ಹಲ್ಲನ್ನೂ ತೋರಿಸಿ ಹೋದ.

ಒಂಬತ್ತನೆಯ ದಿನ ಹಾಲಿಗೆ ಹೊಸ ಗಡಿಯಾರ ಬಂತು. ಹಳೆಯದರಲ್ಲಿ ತಾಂತ್ರಿಕ ದೋಷವಿತ್ತೆಂದು ನೋಟೀಸು ಅಂಟಿಸಿದರು. ಹಿಂದಿನ ವರ್ಷಗಳ ಹನ್ನೊಂದು ಹನ್ನೊಂದು ನಿಮಿಷದ ಮಾತೇನು ಎಂದು ಲೈನಕ್ಕ ಆಫೀಸಿಗೆ ಹೋಗಿ ಕೇಳಿದಳು. ನೋಟೀಸಿನಲ್ಲಿ ಜಾಗ ಸಾಲಲಿಲ್ಲವಂತೆ. ಅವಳು ಇನ್ನೂ ಕೇಳುತ್ತಿದ್ದಾಳೆ. ಆಫೀಸಿಗೆ ಅವಳನ್ನು ಬಿಟ್ಟು ಕರೆತರುವುದು ಬೋರ್ಡಣ್ಣ. ಪಕ್ಕದಲ್ಲಿ ಕೂತು ಅವಳು ದಾರಿಯುದ್ದಕ್ಕೂ ಮಾತಾಡುತ್ತಾಳೆ, ಅವನು ಹಿಂದೆ ತಿರುಗದೆ ಕೇಳುತ್ತಾನೆ, ಹತ್ತಿ ಹಾರುವುದಿಲ್ಲ.

ಈಗ ನೀವು. ನೀವು ದುಡಿಯುವ ಜಾಗದಲ್ಲಿ ಗೋಡೆಗೊಂದು ಗಡಿಯಾರ ಇದ್ದೇ ಇರುತ್ತದೆ. ಅದನ್ನು ತಿರುಗಿಸುವ ಕೈ ಯಾರದು, ಯಾವತ್ತಾದರೂ ಕೇಳಿದ್ದೀರಾ? ನಾಳೆ ಬೆಳಿಗ್ಗೆ ಒಳಗೆ ಹೋಗುವಾಗ ಒಂದು ಸಲ, ಸಂಜೆ ಹೊರಗೆ ಬಂದ ಕೂಡಲೇ ಇನ್ನೊಂದು ಸಲ, ಅದನ್ನು ಹೊರಗಿನ ಗಡಿಯಾರಕ್ಕೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಒಬ್ಬರೇ ಗೊಣಗಬೇಡಿ. ಪಕ್ಕದಲ್ಲಿ ಕೆಲಸ ಮಾಡುವವರನ್ನು ಕರೆದು ತೋರಿಸಿ, ಇಬ್ಬರೂ ಸೇರಿ ಬರೆದಿಡಿ. ಓಡುವ ಹಲ್ಲಿನ ಕಥೆ ಓದಿ ನಕ್ಕಿರಿ, ಸಂತೋಷ. ಪುಸ್ತಕ ಮಡಚಿಟ್ಟು ಮಲಗುವ ಮುಂಚೆ ನಾಳೆ ಯಾರನ್ನು ಕರೆದು ತೋರಿಸುತ್ತೀರಿ ಎಂದು ನಿಶ್ಚಯ ಮಾಡಿಕೊಳ್ಳಿ. ಆಮೇಲೆ ಬಂದು ಹೇಳಿ, ನಿಮ್ಮದು ಎಷ್ಟು ನಿಮಿಷ.